ನಮ್ಮ ಸ್ಟೇಷನ್ ಭೀಮಾ ನದಿಯ ಆಚೆ ಐತಿ: ಕೊಡೇಕಲ್‌ನಿಂದ ನೋಡಿದ ಯಾದಗಿರಿ ರೈಲು ನಿಲ್ದಾಣ

ಹಾಸ್ಟೆಲ್‌ನಲ್ಲಿ ಹೊಸದಾಗಿ ಪರಿಚಯ ಆದವರು ನಮ್ಮನ್ನು ಕೇಳುವ ಮೊದಲನೇ ಪ್ರಶ್ನೆ "ಯಾವೂರು?" ಅಂತ. ಕೊಡೇಕಲ್ ಅಂತೀವಿ. ಎರಡನೇ ಪ್ರಶ್ನೆ "ಅಲ್ಲಿಗೆ ಯಾವ ಟ್ರೈನ್ ಹೋಗುತ್ತೆ?" ಈ ಎರಡನೇ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ. ಟ್ರೈನ್ ಯಾದಗಿರಿಗೆ ಹೋಗುತ್ತೆ, ಅಲ್ಲಿಂದ ಬಸ್ಸು, ಆ ಬಸ್ಸಿನಿಂದ ಬಹಳ ಸಲ ಇನ್ನೊಂದು ಬಸ್ಸು. ಹಾಗಾಗಿ ಈ ಲೇಖನದಲ್ಲಿ ನಾವು ಯಾದಗಿರಿ ನಿಲ್ದಾಣವನ್ನೇ ಒಂದು ಪಾಠದ ಹಾಗೆ ತಗೊಂಡಿದ್ದೀವಿ. ಅದು ಯಾವಾಗ ಬಂತು, ಯಾಕೆ ಅಲ್ಲೇ ಬಂತು, ಅದು ದಿನಾ ಏನು ಕೆಲಸ ಮಾಡುತ್ತೆ, ಮತ್ತು ನೂರು ಕಿಲೋಮೀಟರ್ ದೂರದ ಒಂದು ಊರಿಗೆ ಅದು "ನಮ್ಮ ಸ್ಟೇಷನ್" ಆಗಬೇಕಾದರೆ ಏನು ಬೇಕು, ಇಷ್ಟನ್ನೂ ನೋಡೋಣ. ಸಿವಿಲ್‌ನವರಿಗೆ ಸೇತುವೆ ಸಿಗುತ್ತೆ, ಮೆಕ್ಯಾನಿಕಲ್‌ನವರಿಗೆ ಬ್ರೇಕು ಸಿಗುತ್ತೆ, ಕಂಪ್ಯೂಟರ್ ಸೈನ್ಸ್‌ನವರಿಗೆ ಟೈಮ್‌ಟೇಬಲ್ ಸಿಗುತ್ತೆ. ಯಾರಿಗೂ ಬೇಸರ ಆಗಲ್ಲ ಅಂದ್ಕೊಂಡಿದ್ದೀವಿ.

ಮೊದಲು ನಕಾಶೆ

ಕೊಡೇಕಲ್ ಯಾದಗಿರಿ ಜಿಲ್ಲೆಯ ಪಶ್ಚಿಮದ ತುದಿಯಲ್ಲಿದೆ. ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಊರು ಅಂದರೆ ಉತ್ತರ ಕರ್ನಾಟಕದ ಬಹಳ ಜನಕ್ಕೆ ಗೊತ್ತಾಗುತ್ತೆ. ಮೊದಲು ಸುರಪುರ ತಾಲೂಕಿನಲ್ಲಿತ್ತು, ಹೊಸ ತಾಲೂಕುಗಳು ಆದ ಮೇಲೆ ಹುಣಸಗಿ ತಾಲೂಕಿಗೆ ಸೇರಿತು. ಹತ್ತಿರದಲ್ಲೇ ನಾರಾಯಣಪುರದ ಬಸವಸಾಗರ ಜಲಾಶಯ ಇದೆ.

ಈಗ ಒಂದು ಕಾಗದ ತಗೊಂಡು ಎರಡು ನದಿ ಬರೀರಿ. ಕೆಳಗಡೆ ಕೃಷ್ಣಾ, ಪಶ್ಚಿಮದಿಂದ ಪೂರ್ವಕ್ಕೆ. ಮೇಲಿನಿಂದ ಭೀಮಾ, ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಇಳಿದು ಬಂದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತೆ. ಎರಡೂ ನದಿಗಳ ನಡುವೆ ಬೆಣೆಯ ಆಕಾರದ ಒಂದು ನೆಲ ಉಳಿಯುತ್ತಲ್ಲ, ಅದರೊಳಗೆ ಶಹಾಪುರ, ಸುರಪುರ, ಹುಣಸಗಿ, ಕೊಡೇಕಲ್ ಎಲ್ಲಾ ಬರುತ್ತವೆ. ಯಾದಗಿರಿ ಪಟ್ಟಣ ಮಾತ್ರ ಭೀಮೆಯ ಆಚೆ ದಡದಲ್ಲಿದೆ. ಶಹಾಪುರದಿಂದ ಯಾದಗಿರಿಗೆ ಬಸ್ಸಿನಲ್ಲಿ ಹೋದವರಿಗೆ ಊರು ಬರುವ ಮುಂಚೆ ದಾಟುವ ಭೀಮಾ ಸೇತುವೆ ನೆನಪಿರುತ್ತೆ. ಈ ಒಂದು ಚಿತ್ರ ತಲೆಯಲ್ಲಿದ್ದರೆ ಮುಂದಿನ ಇತಿಹಾಸ ಅರ್ಧ ಅರ್ಥವಾದ ಹಾಗೆ.

ಹಳಿ ಬಂದ ಕಥೆ

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರ್‌ನಿಂದ ಠಾಣೆಗೆ ಓಡಿತು, 34 ಕಿಲೋಮೀಟರ್. ಅದನ್ನು ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಅನ್ನೋ ಕಂಪನಿ, ಚಿಕ್ಕದಾಗಿ ಜಿಐಪಿ. ಆ ಕಂಪನಿಯ ಒಂದು ಹಳಿ ಪುಣೆ, ಸೊಲ್ಲಾಪುರ ದಾಟಿ ನಮ್ಮ ಕಡೆ ಇಳಿಯಿತು. ಇನ್ನೊಂದು ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿ ಅರಕ್ಕೋಣಂನಿಂದ ಕಡಪ, ಗುಂತಕಲ್, ಆದೋನಿ ಮೇಲೆ ಹಳಿ ಹಾಕ್ತಾ ಬಂತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿದವು. ಮುಂಬೈ ಮತ್ತು ಮದ್ರಾಸು ಹಳಿಯ ಮೇಲೆ ಒಂದಾದ ಜಾಗ ಅದು. ಮೂರು ವರ್ಷದ ನಂತರ, 1874ರಲ್ಲಿ, ಇದೇ ಹಳಿಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲು ಮಾರ್ಗ ಶುರುವಾಯಿತು. ವಾಡಿ ಜಂಕ್ಷನ್ ಆಗಿದ್ದು ಹಾಗೆ.

ಯಾದಗಿರಿ ನಿಲ್ದಾಣ ಇರೋದು ಈ ವಾಡಿ ಮತ್ತು ರಾಯಚೂರಿನ ನಡುವೆ. ಅಂದರೆ ಅದು ಯಾದಗಿರಿಗಾಗಿ ಹಾಕಿದ ಹಳಿ ಅಲ್ಲ. ಎರಡು ದೊಡ್ಡ ಬಂದರು ಪಟ್ಟಣಗಳನ್ನು ಕೂಡಿಸುವ ಹಳಿ ಹೋಗ್ತಾ ಹೋಗ್ತಾ ದಾರಿಯಲ್ಲಿ ಸಿಕ್ಕ ಊರು ಯಾದಗಿರಿ. ಬೆಟ್ಟದ ಮೇಲೊಂದು ಕೋಟೆ, ಕೆಳಗೊಂದು ಪೇಟೆ, ಪಕ್ಕದಲ್ಲಿ ನೀರು.

ಸುರಪುರಕ್ಕೆ ಯಾಕೆ ಬರಲಿಲ್ಲ?

ನಮ್ಮ ಕಡೆ ಹಿರಿಯರು ಒಂದು ಮಾತು ಕೇಳ್ತಾರ: "ಸುರಪುರ ರಾಜರ ಊರಾಗಿತ್ತಲ್ಲ, ರೈಲು ಅಲ್ಲಿಗ್ಯಾಕ ಬರಲಿಲ್ಲ?" ನ್ಯಾಯವಾದ ಪ್ರಶ್ನೆ. ಸುರಪುರ ಬೇಡರ ನಾಯಕರ ಸಂಸ್ಥಾನದ ರಾಜಧಾನಿ. ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ 1841ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿದ್ದ, ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತು ತೀರಿಕೊಂಡ. ಸಂಸ್ಥಾನ ಹೋಯಿತು, ಆಮೇಲೆ ಆ ಸೀಮೆ ನಿಜಾಮರ ಕೈ ಸೇರಿತು. ಹಳಿ ಬರುವ ಹೊತ್ತಿಗೆ ಸುರಪುರದ ಪರವಾಗಿ ಕೇಳುವ ರಾಜನೂ ಇರಲಿಲ್ಲ.

ಆದರೆ ರಾಜ ಇದ್ದಿದ್ದರೂ ನಕಾಶೆ ಒಪ್ತಿರಲಿಲ್ಲ ಅನ್ನಿಸುತ್ತೆ. ಮೇಲೆ ಬರೆದ ಚಿತ್ರವನ್ನೇ ನೋಡಿ. ಸೊಲ್ಲಾಪುರ ಭೀಮೆಯ ಎಡದಂಡೆಯ ಕಡೆ ಇದೆ. ಅಲ್ಲಿಂದ ಕಲಬುರಗಿ, ವಾಡಿ, ಯಾದಗಿರಿ, ಸೈದಾಪುರ ಇವೆಲ್ಲಾ ಅದೇ ಕಡೆ. ಹಳಿ ಆ ದಂಡೆಯ ಮಗ್ಗಲಲ್ಲೇ ಇಳಿದು ಬಂದರೆ ಸೊಲ್ಲಾಪುರದಿಂದ ರಾಯಚೂರಿನ ತನಕ ಭೀಮೆಯನ್ನು ದಾಟಬೇಕಾಗೇ ಇಲ್ಲ. ಭೀಮಾ ಕೃಷ್ಣೆಗೆ ಸೇರಿದ ಮೇಲೆ, ಸಂಗಮದ ಕೆಳಗೆ, ಒಂದೇ ಒಂದು ದೊಡ್ಡ ಸೇತುವೆ ಕಟ್ಟಿದರೆ ಸಾಕು. ಈ ಸೇತುವೆಯ ಉತ್ತರದ ದಡದಲ್ಲಿರುವ ನಿಲ್ದಾಣದ ಹೆಸರೇ "ಕೃಷ್ಣಾ". ಅದೇ ಹಳಿ ಸುರಪುರದ ಮೇಲೆ ಹೋಗಬೇಕಾದರೆ ಮೊದಲು ಭೀಮೆಗೆ ಒಂದು, ಆಮೇಲೆ ಕೃಷ್ಣೆಗೆ ಒಂದು, ಹೀಗೆ ಎರಡು ದೊಡ್ಡ ಸೇತುವೆ ಬೇಕು. ಜೊತೆಗೆ ಸುರಪುರದ ಸುತ್ತ ಗುಡ್ಡ. ರೈಲಿಗೆ ಏರು ಅಂದ್ರೆ ಆಗಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ, ಹಿಡಿತ ಕಡಿಮೆ. ನೂರು ಮೀಟರಿಗೆ ಒಂದು ಮೀಟರ್ ಏರಿದರೂ ರೈಲಿಗೆ ಅದು ಏರೇ.

ಇದು ನಾವು ನಕಾಶೆ ನೋಡಿ ಹಾಕಿದ ಲೆಕ್ಕ. ಆದರೆ ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟ: ಎರಡು ನದಿಗಳ ನಡುವಿನ ಬೆಣೆಗೆ ರೈಲು ಬರದೇ ಇದ್ದದ್ದಕ್ಕೆ ಆ ನೀರೇ ಸಾಕಷ್ಟು ದೊಡ್ಡ ಕಾರಣ. 150 ವರ್ಷದಿಂದ ನಮ್ಮ ಸ್ಟೇಷನ್ ನದಿಯ ಆಚೆ ಉಳಿದಿದೆ.

ಹೆಸರಿನ ಬಗ್ಗೆ ಒಂದು ಮಾತು. ಸೈದಾಪುರದ ನಿಲ್ದಾಣವನ್ನು ಬಹಳ ಕಾಲ "ನಾರಾಯಣಪೇಟ್ ರೋಡ್" ಅಂತ ಕರೀತಿದ್ದರು. ನಾರಾಯಣಪೇಟೆ ಅಲ್ಲಿಂದ ಬಹಳ ದೂರ, ಈಗ ತೆಲಂಗಾಣದಲ್ಲಿದೆ. ರೈಲ್ವೆ ಭಾಷೆಯಲ್ಲಿ ಹೆಸರಿನ ಕೊನೆಗೆ "ರೋಡ್" ಅಂತ ಬಂದರೆ ಊರು ಇಲ್ಲಿಲ್ಲ, ಆ ಊರಿಗೆ ಹೋಗುವ ರಸ್ತೆ ಇಲ್ಲಿಂದ ಇದೆ ಅಂತ ಅರ್ಥ. ಗಾಣಗಾಪುರ ರೋಡ್, ಮಂತ್ರಾಲಯಂ ರೋಡ್ ಎಲ್ಲಾ ಇದೇ ಜಾತಿ. ಆ ಲೆಕ್ಕದಲ್ಲಿ ಯಾದಗಿರಿಯನ್ನು "ಸುರಪುರ ರೋಡ್" ಅಂತಲೂ ಕರೀಬಹುದಿತ್ತು ಅಂತ ನಾವು ತಮಾಷೆ ಮಾಡ್ತೀವಿ.

ಬೋರ್ಡ್ ಅದೇ, ಯಜಮಾನರು ಬೇರೆ ಬೇರೆ

ನಿಲ್ದಾಣ ನಿಂತಲ್ಲೇ ನಿಂತಿದ್ದರೂ ಅದರ ಸುತ್ತ ಸರ್ಕಾರಗಳು ಬದಲಾದವು. ಶುರುವಿನಲ್ಲಿ ಜಿಐಪಿ ಖಾಸಗಿ ಕಂಪನಿ. 1925ರಲ್ಲಿ ಅದರ ಆಡಳಿತವನ್ನು ಸರ್ಕಾರ ತಗೊಂಡಿತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1951ರ ನವೆಂಬರ್ 5ರಂದು ಜಿಐಪಿ, ನಿಜಾಮ ರೈಲ್ವೆ ಮತ್ತು ಇನ್ನೂ ಕೆಲವನ್ನು ಕೂಡಿಸಿ ಮಧ್ಯ ರೈಲ್ವೆ ಮಾಡಿದರು. 1956ರ ನವೆಂಬರ್ 1ರಂದು ಈ ಭಾಗ ಕನ್ನಡ ರಾಜ್ಯಕ್ಕೆ ಬಂತು. 1966ರ ಅಕ್ಟೋಬರ್ 2ರಂದು ಸಿಕಂದರಾಬಾದಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು. ಯಾದಗಿರಿ ನಿಲ್ದಾಣ ದಶಕಗಳ ಕಾಲ ಆ ವಲಯದ ಗುಂತಕಲ್ ವಿಭಾಗದ ಕೈಯಲ್ಲಿತ್ತು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆ ಶುರುವಾದಾಗಲೂ ವಾಡಿ ರಾಯಚೂರು ಹಳಿ ಅದರೊಳಗೆ ಬರಲಿಲ್ಲ. 2014ರಲ್ಲಿ ಕಲಬುರಗಿಗೆ ಪ್ರತ್ಯೇಕ ವಿಭಾಗ ಅಂತ ಘೋಷಣೆ ಆಯಿತು. ಆ ಬೇಡಿಕೆ ಇವತ್ತಿಗೂ ಸಭೆಗಳಲ್ಲಿ ಕೇಳಿಬರುತ್ತೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀವಿ ಅಂದ್ರೆ, ಒಂದು ರೈಲಿಗೆ ಸ್ಟಾಪ್ ಕೊಡಬೇಕೋ ಬೇಡವೋ, ಪ್ಯಾಸೆಂಜರ್ ಗಾಡಿ ಎಷ್ಟು ಹೊತ್ತಿಗೆ ಬಿಡಬೇಕು ಅನ್ನೋದನ್ನು ತೀರ್ಮಾನ ಮಾಡುವ ಕಚೇರಿ ಬೇರೆ ರಾಜ್ಯದಲ್ಲಿ, ಆ ರೈಲಿಗೆ ಜನ ಕರೆತರುವ ಬಸ್ಸಿನ ವೇಳೆ ತೀರ್ಮಾನ ಆಗೋದು ನಮ್ಮ ರಾಜ್ಯದಲ್ಲಿ. ಇಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡಿದರೂ ನಡುವೆ ಒಂದು ಸಂದು ಉಳಿಯುತ್ತೆ. ಆ ಸಂದಿನಲ್ಲಿ ಕಾಯುತ್ತಾ ಕೂರೋದು ಪ್ರಯಾಣಿಕ.

ನಿಲ್ದಾಣ ಅಂದ್ರೆ ಕಟ್ಟಡ ಅಲ್ಲ

ನಾವೆಲ್ಲ ಸ್ಟೇಷನ್ ಅಂದ ತಕ್ಷಣ ಟಿಕೆಟ್ ಕೌಂಟರ್, ಪ್ಲಾಟ್‌ಫಾರ್ಮ್, ಚಹಾ, ಮೆಟ್ಟಿಲು ಸೇತುವೆ ಅಂದ್ಕೋತೀವಿ. ರೈಲ್ವೆಯವರಿಗೆ ಸ್ಟೇಷನ್ ಅಂದ್ರೆ ಮೊದಲು ಸುರಕ್ಷತೆಯ ಕೊಂಡಿ. ಹಳೇ ಬ್ಲಾಕ್ ಪದ್ಧತಿಯನ್ನು ಸುಲಭವಾಗಿ ಹೇಳೋದಾದ್ರೆ ಹೀಗೆ: ಎರಡು ಸ್ಟೇಷನ್‌ಗಳ ನಡುವಿನ ಒಂದು ಹಳಿಯಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ. ಮುಂದಿನ ಸ್ಟೇಷನ್ ಮಾಸ್ಟರ್ "ಲೈನ್ ಕ್ಲಿಯರ್" ಕೊಡುವ ತನಕ ಹಿಂದಿನವರು ಗಾಡಿ ಬಿಡೋ ಹಾಗಿಲ್ಲ. ಮುಖ್ಯ ಹಳಿಯ ಮಗ್ಗಲಿಗೆ ಲೂಪ್ ಲೈನ್ ಇರುತ್ತೆ. ಹಿಂದಿನಿಂದ ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರ್ ಅಥವಾ ಗೂಡ್ಸ್ ಗಾಡಿ ಲೂಪಿಗೆ ಸರಿದು ನಿಲ್ಲುತ್ತೆ. ನೀವು ಪ್ಯಾಸೆಂಜರ್‌ನಲ್ಲಿ ಕೂತು "ಇಲ್ಲಿ ಯಾರೂ ಹತ್ತಲ್ಲ ಇಳಿಯಲ್ಲ, ಯಾಕೆ ನಿಲ್ಲಿಸಿದ್ದಾರೆ" ಅಂತ ಬೈದುಕೊಂಡಿದ್ದರೆ, ಕಾರಣ ಇದೇ ಇರಬಹುದು. ಲೂಪ್ ಇಲ್ಲದೆ ಬರೀ ಪ್ಲಾಟ್‌ಫಾರ್ಮ್ ಇರುವ ಜಾಗಕ್ಕೆ ಹಾಲ್ಟ್ ಅಂತಾರೆ. ಅಲ್ಲಿ ಜನ ಹತ್ತಿ ಇಳಿಯಬಹುದು, ಗಾಡಿಗಳು ಒಂದನ್ನೊಂದು ದಾಟೋಕೆ ಆಗಲ್ಲ.

ಈಗ ಈ ಮಾರ್ಗ ಜೋಡಿ ಹಳಿ, ಮೇಲೆ 25 ಕಿಲೋವೋಲ್ಟ್ ವಿದ್ಯುತ್ ತಂತಿ. ಹಳಿಯ ಅಗಲ 1676 ಮಿಲಿಮೀಟರ್, 1871ರಲ್ಲಿದ್ದದ್ದೇ. ಯಾದಗಿರಿಯಲ್ಲಿ ಮುಂಬೈ ಬೆಂಗಳೂರು ನಡುವಿನ ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುತ್ತೆ, ಬೆಂಗಳೂರು ದೆಹಲಿ ನಡುವಿನ ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುತ್ತೆ, ಸೊಲ್ಲಾಪುರ ಹಾಸನ ಗಾಡಿ ನಿಲ್ಲುತ್ತೆ, ಮೈಸೂರು ಬಾಗಲಕೋಟೆ ನಡುವಿನ ಬಸವ ಎಕ್ಸ್‌ಪ್ರೆಸ್ ನಿಲ್ಲುತ್ತೆ. ಜೊತೆಗೆ ಪ್ಯಾಸೆಂಜರ್ ಗಾಡಿಗಳು. ಕರ್ನಾಟಕದಲ್ಲಿ ಅಮೃತ ಭಾರತ ಯೋಜನೆಗೆ ಆರಿಸಿದ ನಿಲ್ದಾಣಗಳ ಪಟ್ಟಿಯಲ್ಲಿ ಯಾದಗಿರಿಯೂ ಇದೆ.

ಯಾರು ಹತ್ತುತ್ತಾರೆ?

ಮೂರು ಗುಂಪು ಮಾಡಬಹುದು.

ಒಂದು, ದಿನಾ ಓಡಾಡುವವರು. ಕಲಬುರಗಿ ಒಂದು ಕಡೆ, ರಾಯಚೂರು ಇನ್ನೊಂದು ಕಡೆ, ಎರಡೂ ಸುಮಾರು 70ರಿಂದ 80 ಕಿಲೋಮೀಟರ್. ಮಾಸ್ತರರು, ನೌಕರರು, ಕಾಲೇಜು ಹುಡುಗರು ತಿಂಗಳ ಸೀಸನ್ ಟಿಕೆಟ್ ಮಾಡಿಸ್ತಾರೆ. ಇದು 150 ಕಿಲೋಮೀಟರ್ ಒಳಗೆ ಸಿಗುತ್ತೆ, ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಉಂಟು. ದಿನದ ಖರ್ಚು ನೋಡಿದರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡು, ಹಬ್ಬಕ್ಕೆ ಬರುವವರು. ನಮ್ಮಂಥ ಹಾಸ್ಟೆಲ್‌ನವರು ಇದರಲ್ಲಿ. 2024ರ ನವೆಂಬರ್ 1ರಿಂದ ಮುಂಗಡ ರಿಸರ್ವೇಷನ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ದೀಪಾವಳಿಗೆ ಎರಡು ತಿಂಗಳ ಹಿಂದೆ ಮುಂಜಾನೆ 8 ಗಂಟೆಗೆ ಫೋನ್ ಹಿಡಿದು ಕೂರೋದು ಒಂದು ಕೆಲಸವೇ ಆಗಿದೆ.

ಮೂರು, ದುಡಿಯಾಕ ಹೋಗುವವರು. ನಮ್ಮ ಕಡೆ ಇದಕ್ಕೆ "ಗುಳೆ" ಅಂತಾರೆ. ಹಿಂಗಾರಿನ ಕೆಲಸ ಮುಗಿದ ಮೇಲೆ, ಮಳೆ ಕೈ ಕೊಟ್ಟ ವರ್ಷ ಅದಕ್ಕೂ ಮುಂಚೆಯೇ, ಸುರಪುರ, ಶಹಾಪುರ, ಹುಣಸಗಿ, ಯಾದಗಿರಿ ಕಡೆಯಿಂದ ಕುಟುಂಬ ಕುಟುಂಬಗಳೇ ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗ್ತಾವೆ. ಗಂಟುಮೂಟೆ, ಜೋಳದ ಚೀಲ, ಒಲೆ, ಸಣ್ಣ ಮಕ್ಕಳು. ಇವರದ್ದು ರಿಸರ್ವೇಷನ್ ಅಲ್ಲ, ಜನರಲ್ ಬೋಗಿ. ಇವರ ದಿನಾಂಕ ಎರಡು ತಿಂಗಳ ಮುಂಚೆ ಗೊತ್ತಾಗಲ್ಲ. ಮೇಸ್ತ್ರಿ ಫೋನ್ ಮಾಡಿದ ದಿನ ಹೊರಡೋದು. ನಾವು ಓದೋಕೆ ಬಂದ ಬೆಂಗಳೂರಿನ ಎಷ್ಟೋ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವರು ಈ ಸ್ಟೇಷನ್ನಿನಿಂದ ಹತ್ತಿದವರು ಅನ್ನೋದು ಸಿವಿಲ್ ಓದುವವರು ನೆನಪಿಡಬೇಕಾದ ವಿಷಯ.

ಈ ಮೂರನೇ ಗುಂಪಿಗೆ ಸ್ಟೇಷನ್ ದೂರ ಆದಷ್ಟೂ ಖರ್ಚು. ಮಕ್ಕಳನ್ನು ಕಟ್ಟಿಕೊಂಡು ಸಂಜೆ ಬಂದು ಇಳಿದು ರಾತ್ರಿ ಗಾಡಿಗೆ ಕಾಯಬೇಕು. ವಾಪಸ್ ಬರುವಾಗ ಬೆಳಗಿನ ಜಾವ ಇಳಿದು ಬಸ್ಸಿಗೆ ಕಾಯಬೇಕು. "ಟೇಶನ್ನ್ಯಾಗ ಒಂದು ರಾತ್ರಿ ಹೋತು" ಅನ್ನೋ ಮಾತು ನಮ್ಮ ಊರುಗಳಲ್ಲಿ ಹೊಸದಲ್ಲ.

ಹತ್ತಿರ ಅಂದ್ರೆ ಎಷ್ಟು?

ಈಗ ಸ್ವಲ್ಪ ಲೆಕ್ಕ. ಪ್ರಯಾಣದ ಒಟ್ಟು ಸಮಯ ಅಂದ್ರೆ ಬಸ್ಸಿನ ಸಮಯ, ಕಾಯುವ ಸಮಯ, ರೈಲಿನ ಸಮಯ, ಮೂರೂ ಕೂಡಿಸಿದ್ದು. ಬಸ್ಸಿನ ಸಮಯ ರಸ್ತೆಯ ಮೇಲೆ, ರೈಲಿನ ಸಮಯ ಹಳಿಯ ಮೇಲೆ ನಿಂತಿದೆ. ಕಾಯುವ ಸಮಯ ಮಾತ್ರ ಬರೀ ಟೈಮ್‌ಟೇಬಲ್ ಮೇಲೆ ನಿಂತಿದೆ. ಅದನ್ನು ಕಡಿಮೆ ಮಾಡೋಕೆ ಸಿಮೆಂಟ್ ಬೇಡ, ಕಬ್ಬಿಣ ಬೇಡ.

ಒಂದು ದಿಕ್ಕಿಗೆ ದಿನಕ್ಕೆ ನಾಲ್ಕು ಗಾಡಿ, ಸಮ ಅಂತರದಲ್ಲಿ ಇವೆ ಅಂತ ಇಟ್ಕೊಳ್ಳೋಣ. ಅಂದ್ರೆ ಆರು ಗಂಟೆಗೆ ಒಂದು. ಬಸ್ಸು ಯಾವುದೋ ಹೊತ್ತಿಗೆ ಬಂದು ಮುಟ್ಟಿದರೆ ಸರಾಸರಿ ಕಾಯುವಿಕೆ ಅದರ ಅರ್ಧ, ಮೂರು ಗಂಟೆ. ಕೊಡೇಕಲ್‌ನಿಂದ ಯಾದಗಿರಿಗೆ ಬಸ್ಸಿನಲ್ಲಿ ಮೂರು ಗಂಟೆ ಅಂತ ಹಿಡಿದರೆ, ಕಾಯುವುದಕ್ಕೇ ಇನ್ನೊಂದು ಅಷ್ಟೇ ಹೊತ್ತು. ಅಂದರೆ ನೂರು ಕಿಲೋಮೀಟರ್ ದೂರದ ಸ್ಟೇಷನ್ ಇನ್ನೂರು ಕಿಲೋಮೀಟರ್ ದೂರ ಆದ ಹಾಗೆ. ಅದೇ ಬಸ್ಸನ್ನು ರೈಲಿಗಿಂತ ಅರ್ಧ ಗಂಟೆ ಮುಂಚೆ ಮುಟ್ಟುವ ಹಾಗೆ ಬಿಟ್ಟರೆ ಎರಡೂವರೆ ಗಂಟೆ ಉಳಿಯಿತು. ರಸ್ತೆಯನ್ನು ಎಷ್ಟು ಚೆನ್ನಾಗಿ ಮಾಡಿದರೂ ಮೂರು ಗಂಟೆಯ ದಾರಿಯಲ್ಲಿ ಎರಡೂವರೆ ಗಂಟೆ ಉಳಿಸೋಕೆ ಆಗಲ್ಲ.

ಇನ್ನೊಂದು ಲೆಕ್ಕ ಸ್ಟಾಪ್ ಬಗ್ಗೆ. ಹೊಸ ಎಕ್ಸ್‌ಪ್ರೆಸ್‌ಗೆ ನಮ್ಮಲ್ಲಿ ಸ್ಟಾಪ್ ಕೊಡಿ ಅಂತ ಎಲ್ಲಾ ಊರಿನವರೂ ಕೇಳ್ತಾರೆ. ಒಂದು ಸ್ಟಾಪಿಗೆ ಎಷ್ಟು ಸಮಯ ಹೋಗುತ್ತೆ? ಗಾಡಿ ಗಂಟೆಗೆ 110 ಕಿಲೋಮೀಟರ್ ಓಡ್ತಿದೆ, ಅಂದ್ರೆ ಸೆಕೆಂಡಿಗೆ 30.6 ಮೀಟರ್. ಬ್ರೇಕು ಸೆಕೆಂಡಿನ ವರ್ಗಕ್ಕೆ 0.5 ಮೀಟರ್, ಮತ್ತೆ ವೇಗ ಹಿಡಿಯೋದು 0.2 ಮೀಟರ್ ಅಂತ ಇಟ್ಕೊಳ್ಳಿ. ವೇಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ನಷ್ಟದ ಸಮಯ ಬರುತ್ತೆ. ನಿಲ್ಲಿಸೋದರಲ್ಲಿ 31 ಸೆಕೆಂಡ್, ಹೊರಡೋದರಲ್ಲಿ 76 ಸೆಕೆಂಡ್, ನಿಂತಿದ್ದು 120 ಸೆಕೆಂಡ್. ಒಟ್ಟು 227, ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ. ಗಾಡಿಯೊಳಗೆ 1200 ಜನ ಇದ್ದರೆ, ತಲಾ ನಾಲ್ಕು ನಿಮಿಷದಂತೆ ಅವರೆಲ್ಲರ ನಷ್ಟ 80 ಗಂಟೆ. ಸ್ಟಾಪ್ ಇಲ್ಲದೆ ಇದ್ದರೆ ಇಲ್ಲಿಯವರು ಮುಂದಿನ ದೊಡ್ಡ ಸ್ಟೇಷನ್ನಿಗೆ ಹೋಗಿ ತಲಾ ಎರಡು ಗಂಟೆ ಕಳಕೊಂಡರೆ, 40 ಜನಕ್ಕೆ ಅದೇ 80 ಗಂಟೆ ಆಯಿತು. ಅಂದರೆ ಈ ಲೆಕ್ಕದ ಪ್ರಕಾರ 40ಕ್ಕಿಂತ ಹೆಚ್ಚು ಜನ ಹತ್ತಿ ಇಳಿದರೆ ಸ್ಟಾಪ್ ಲಾಭ. ಸಂಖ್ಯೆ ಬದಲಿಸಿ ನೀವೂ ನೋಡಿ. ಬೇಡಿಕೆ ಇಡುವವರಿಗೂ, ಬೇಡ ಅನ್ನುವವರಿಗೂ ಇಂಥ ಲೆಕ್ಕ ಕೈಯಲ್ಲಿದ್ದರೆ ಮಾತು ಜಗಳ ಆಗಲ್ಲ.

ಜರ್ಮನಿಯ ಸಣ್ಣ ಸ್ಟೇಷನ್ ಏನು ಕಲಿಸುತ್ತೆ

ಜರ್ಮನಿಯ ದೊಡ್ಡ ಪಟ್ಟಣಗಳ ಸುತ್ತ ಎಸ್-ಬಾನ್ ಅನ್ನೋ ಲೋಕಲ್ ರೈಲು ಇದೆ. ಅದರ ಸಣ್ಣ ಸ್ಟೇಷನ್ ನೋಡಿದರೆ ನಮ್ಮವರಿಗೆ "ಇಷ್ಟೇನಾ" ಅನ್ನಿಸುತ್ತೆ. ಒಂದು ಪ್ಲಾಟ್‌ಫಾರ್ಮ್, ಒಂದು ತಗಡಿನ ನೆರಳು, ಒಂದು ಟಿಕೆಟ್ ಮಷಿನ್, ಬಹಳ ಕಡೆ ಒಬ್ಬ ಸಿಬ್ಬಂದಿಯೂ ಇರಲ್ಲ. ಆದರೆ ಹೊರಗಡೆ ಸೈಕಲ್ ಸ್ಟ್ಯಾಂಡ್, ಬಸ್ ಸ್ಟಾಪ್ ಇರುತ್ತವೆ. 20 ಅಥವಾ 30 ನಿಮಿಷಕ್ಕೊಂದು ಗಾಡಿ, ಪ್ರತಿ ಗಂಟೆಯೂ ಅವೇ ನಿಮಿಷಗಳಿಗೆ. ಈ ಪದ್ಧತಿಗೆ ಅವರು "ತಾಕ್ಟ್" ಅಂತಾರೆ, ನಮ್ಮ ತಾಳ ಇದ್ದ ಹಾಗೆ. ಬಸ್ಸೂ ಆ ತಾಳಕ್ಕೇ ಬರುತ್ತೆ.

ಟಿಕೆಟ್ಟೂ ಒಂದೇ. ಹ್ಯಾಂಬರ್ಗ್‌ನಲ್ಲಿ 1965ರಲ್ಲೇ ಬಸ್ಸು, ರೈಲು, ದೋಣಿ ನಡೆಸುವ ಬೇರೆ ಬೇರೆ ಸಂಸ್ಥೆಗಳು ಕೂಡಿ ಒಂದು ಒಕ್ಕೂಟ ಮಾಡಿದವು, ಆಮೇಲೆ ಒಂದೇ ಟಿಕೆಟ್ ತಂದವು. 2023ರ ಮೇ ತಿಂಗಳಲ್ಲಿ ಇಡೀ ದೇಶದ ಲೋಕಲ್ ರೈಲು ಬಸ್ಸುಗಳಿಗೆ ತಿಂಗಳಿಗೆ 49 ಯೂರೋದ ಒಂದೇ ಪಾಸ್ ಶುರುವಾಯಿತು. ಆಮೇಲೆ ದರ ಏರಿದೆ, ಪಾಸ್ ಮುಂದುವರಿದಿದೆ.

ಪಕ್ಕದ ಸ್ವಿಟ್ಜರ್ಲೆಂಡ್ 1982ರಲ್ಲಿ ದೇಶಕ್ಕೆಲ್ಲಾ ಗಂಟೆಯ ತಾಳದ ಟೈಮ್‌ಟೇಬಲ್ ತಂದಿತು. ಅಲ್ಲಿಯವರು ಮೊದಲು ಟೈಮ್‌ಟೇಬಲ್ ಬರೆದು, ಆಮೇಲೆ ಅದಕ್ಕೆ ಬೇಕಾದ ಹಳಿ ಹಾಕಿದರು. ಜ್ಯೂರಿಕ್ ಮತ್ತು ಬರ್ನ್ ನಡುವೆ ಗಾಡಿ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಮುಟ್ಟಿದರೆ ಎರಡೂ ಕಡೆ ಕೊಂಡಿ ಗಾಡಿಗಳು ಸಿಗುತ್ತವೆ. ಅದಕ್ಕೆ ಹೊಸ ಮಾರ್ಗ ಕಟ್ಟಿ 2004ರ ಡಿಸೆಂಬರ್‌ನಲ್ಲಿ ಅದನ್ನು 56 ನಿಮಿಷಕ್ಕೆ ತಂದರು. 40 ನಿಮಿಷಕ್ಕೆ ಇಳಿಸಿದ್ದರೂ ಕೊಂಡಿ ಗಾಡಿಗೆ ಕಾಯಲೇಬೇಕಿತ್ತು. ಬೇಕಾದಷ್ಟೇ ವೇಗ, ಅದಕ್ಕಿಂತ ಹೆಚ್ಚಿಗೆ ದುಡ್ಡು ಸುರಿಯಲ್ಲ.

ಯಾದಗಿರಿ ಜರ್ಮನಿ ಅಲ್ಲ ಅಂತ ನಮಗೂ ಗೊತ್ತು. ಎಕ್ಸ್‌ಪ್ರೆಸ್, ಗೂಡ್ಸ್, ಪ್ಯಾಸೆಂಜರ್ ಎಲ್ಲಾ ಒಂದೇ ಜೋಡಿ ಹಳಿಯ ಮೇಲೆ ಓಡುವಲ್ಲಿ 20 ನಿಮಿಷಕ್ಕೊಂದು ಲೋಕಲ್ ಬಿಡೋದು ಇವತ್ತಿನ ಮಾತಲ್ಲ. ಆದರೆ ದಿನಕ್ಕೆ ನಾಲ್ಕೇ ಗಾಡಿ ಇರುವ ಕಡೆ ಕೊಂಡಿ ತಪ್ಪಿದರೆ ಆಗುವ ನಷ್ಟ ದೊಡ್ಡದು. ಅವರಿಗೆ ತಪ್ಪಿದರೆ 20 ನಿಮಿಷ, ನಮಗೆ ತಪ್ಪಿದರೆ ಒಂದು ರಾತ್ರಿ. ಹಾಗಾಗಿ ಕೊಂಡಿಯ ಅವಶ್ಯಕತೆ ಅವರಿಗಿಂತ ನಮಗೇ ಜಾಸ್ತಿ.

ಎರಡು ಹಳಿಗಳ ನಡುವಿನ ಊರು

ಕೊಡೇಕಲ್‌ನ ಪಶ್ಚಿಮಕ್ಕೆ ಇನ್ನೊಂದು ಹಳಿ ಇದೆ, ಗದಗದಿಂದ ವಿಜಯಪುರದ ಮೇಲೆ ಹೋಟಗಿಗೆ ಹೋಗುವುದು. 1884ರಲ್ಲಿ ಮೀಟರ್ ಗೇಜ್ ಆಗಿ ಶುರುವಾದದ್ದು, ಈಗ ಬ್ರಾಡ್ ಗೇಜ್. ಅದರ ಮೇಲೆ ಆಲಮಟ್ಟಿ ಸ್ಟೇಷನ್. ಪೂರ್ವಕ್ಕೆ ಯಾದಗಿರಿ, ಪಶ್ಚಿಮಕ್ಕೆ ಆಲಮಟ್ಟಿ, ನಡುವೆ ನಾವು.

ಈ ಎರಡು ಸ್ಟೇಷನ್‌ಗಳ ನಡುವೆ ಇವತ್ತು ರೈಲಿನಲ್ಲೇ ಹೋಗಬೇಕಾದರೆ ಹೇಗೆ? ಬಸವ ಎಕ್ಸ್‌ಪ್ರೆಸ್ ಎರಡನ್ನೂ ಮುಟ್ಟುತ್ತೆ. ಆದರೆ ಯಾದಗಿರಿಯಿಂದ ಉತ್ತರಕ್ಕೆ ವಾಡಿ, ಕಲಬುರಗಿ, ಅಲ್ಲಿಂದ ಮಹಾರಾಷ್ಟ್ರದ ಸೊಲ್ಲಾಪುರ, ಅಲ್ಲಿ ದಿಕ್ಕು ಬದಲಿಸಿ ಮತ್ತೆ ದಕ್ಷಿಣಕ್ಕೆ ವಿಜಯಪುರ, ಆಮೇಲೆ ಆಲಮಟ್ಟಿ. ಮುನ್ನೂರು ಕಿಲೋಮೀಟರ್ ದಾಟುತ್ತೆ. ಎರಡನ್ನೂ ನೇರ ಕೂಡಿಸುವ ಆಲಮಟ್ಟಿ ಯಾದಗಿರಿ ಮಾರ್ಗದ ಬೇಡಿಕೆ ಹಳೆಯದು. ಸರ್ವೆಯ ಲೆಕ್ಕದಲ್ಲಿ ಅದರ ಉದ್ದ ಸುಮಾರು 162 ಕಿಲೋಮೀಟರ್. ಅದು ಆದರೆ 1871ರಲ್ಲಿ ಹಳಿ ಬಳಸಿ ಹೋದ ಬೆಣೆಯೊಳಗೆ ಮೊದಲ ಸಲ ರೈಲು ಬರುತ್ತೆ.

ಇದು ಆಗದ ಮಾತು ಅಂತ ಹೇಳುವವರಿಗೆ ಎರಡು ಉದಾಹರಣೆ ಕೊಡ್ತೀವಿ. 2023ರ ಅಕ್ಟೋಬರ್ 1ರಂದು ತೆಲಂಗಾಣದ ಜಕ್ಲೇರ್‌ನಿಂದ ಕೃಷ್ಣಾ ನಿಲ್ದಾಣಕ್ಕೆ ಹೊಸ ಹಳಿ ಉದ್ಘಾಟನೆ ಆಯಿತು. ಅದೇ ದಿನ ಕಾಚಿಗುಡ ರಾಯಚೂರು ಗಾಡಿ ಶುರುವಾಯಿತು. ಆ ಹಳಿಯ ಮುಂದುವರಿಕೆಯಾದ ಮುನಿರಾಬಾದ್ ಕಡೆಯ ಭಾಗದಲ್ಲಿ 2019ರಲ್ಲಿ ಗಂಗಾವತಿಗೆ, 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಸಿಂಧನೂರಿನ ಒಂದು ತಲೆಮಾರು "ನಮ್ಮೂರಿಗೆ ರೈಲು ಬರುತ್ತಂತ" ಅಂತ ಕೇಳ್ತಾ ಕೇಳ್ತಾ ದೊಡ್ಡವರಾಗಿದ್ದರು.

ಅಲ್ಲಿತನಕ ಏನು ಮಾಡೋಣ?

ಹಳಿ ಬರೋಕೆ ವರ್ಷಗಳು ಬೇಕು. ಬಸ್ಸಿನ ವೇಳೆ ಬದಲಿಸೋಕೆ ಒಂದು ಸಭೆ ಸಾಕು. ಅದಕ್ಕೆ ನಮ್ಮ ಸಂಘದ ಆ ಭಾಗದ ಹುಡುಗ ಹುಡುಗಿಯರು ಒಂದು ಸಣ್ಣ ಕೆಲಸ ಹಿಡಿದಿದ್ದೀವಿ. ಒಂದು ಕಾಗದದ ಎಡಗಡೆ ಯಾದಗಿರಿಗೆ ಬರುವ ಬೆಂಗಳೂರು ಮತ್ತು ಮುಂಬೈ ಗಾಡಿಗಳ ವೇಳೆ, ಬಲಗಡೆ ಸುರಪುರ, ಶಹಾಪುರ, ಹುಣಸಗಿ ಕಡೆಯ ಬಸ್ಸುಗಳು ಯಾದಗಿರಿ ಮುಟ್ಟುವ ಮತ್ತು ಬಿಡುವ ವೇಳೆ. ನಡುವಿನ ಕಾಲಂನಲ್ಲಿ ಕಾಯುವ ಸಮಯ. ಎರಡು ಗಂಟೆಗಿಂತ ಹೆಚ್ಚು ಬಂದ ಕಡೆ ಕೆಂಪು ಗೆರೆ. ಎಲ್ಲಾ ಬಸ್ಸನ್ನೂ ಬದಲಿಸಿ ಅಂತ ಕೇಳಲ್ಲ. ರಾತ್ರಿ ಬೆಂಗಳೂರು ಗಾಡಿಗೆ ಮುಂಚೆ ಮುಟ್ಟುವ ಒಂದು ಬಸ್ಸು, ಬೆಳಗಿನ ಗಾಡಿ ಬಂದ ಮೇಲೆ ಹೊರಡುವ ಒಂದು ಬಸ್ಸು, ಎರಡೇ ಕೇಳೋದು. ಗಾಡಿ ತಡ ಆದರೆ ಬೆಳಗಿನ ಬಸ್ಸು ಹದಿನೈದು ನಿಮಿಷ ಕಾಯಲಿ ಅನ್ನೋದು ಮೂರನೇ ಕೋರಿಕೆ.

ಓದುಗರಿಗೂ ಒಂದು ಅಸೈನ್‌ಮೆಂಟ್. ನಿಮ್ಮ ಊರಿಗೆ ಹತ್ತಿರದ ಸ್ಟೇಷನ್ ಯಾವುದು? ಹಳಿ ಅಲ್ಲೇ ಯಾಕೆ ಹೋಯಿತು, ನದಿಯೋ ಗುಡ್ಡವೋ ಗಣಿಯೋ? ನಿಮ್ಮ ಬಸ್ಸಿಗೂ ರೈಲಿಗೂ ನಡುವೆ ಎಷ್ಟು ಗಂಟೆ ಅಂತರ? ಮೂರು ಉತ್ತರ ಬರೆದು ಸಂಘದ ಪೆಟ್ಟಿಗೆಗೆ ಹಾಕಿ. ಕಲ್ಯಾಣ ಕರ್ನಾಟಕದವರು, ಮಲೆನಾಡಿನವರು, ಚಾಮರಾಜನಗರದವರು, ಎಲ್ಲರದ್ದೂ ಬರಲಿ. ಬಂದದ್ದನ್ನೆಲ್ಲ ಒಂದೇ ಪಟ್ಟಿ ಮಾಡಿ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಯಾದಗಿರಿಯ ಪಟ್ಟಿ ಮುಗಿದ ಮೇಲೆ ಅದರ ಒಂದು ಪ್ರತಿ ಬಸ್ ಡಿಪೋಗೆ, ಒಂದು ಪ್ರತಿ ಸ್ಟೇಷನ್ನಿಗೆ, ಎರಡು ಕಡೆಗೂ ಕಳಿಸ್ತೀವಿ.